ಕಾಗದ ಒಡೆಯುವವರನ್ನು ಕೇಳುವವರು ಯಾರು?

ಮಾನ್ಯ ಸಂಪಾದಕರೇ,

ನಾನು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ 34 ವರ್ಷ ಟಪಾಲು ಹಂಚಿದವನು. ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. 2025ರ ನವೆಂಬರ್ ಕೊನೆಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ, ಮಾರಾಟವಾಗುವ ಪ್ರತಿ ಹೊಸ ಫೋನಿನಲ್ಲೂ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕು ಎಂದು ಕಂಪನಿಗಳಿಗೆ ಹೇಳಿತ್ತಲ್ಲ, ಆಗ ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಒಬ್ಬರು ಹೇಳಿದ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. "ನೋಡಿದ್ರೆ ನೋಡ್ಲಿ ಬಿಡಿ ಸಾರ್, ಬಡವರ ಫೋನಲ್ಲಿ ಏನಿರುತ್ತೆ?" ಸರ್ಕಾರ ಇದರಿಂದ ನಮ್ಮ ಫೋನಿನೊಳಗೆ ಇಣುಕುತ್ತದೆ ಎಂದು ಜನ ಗಲಾಟೆ ಮಾಡಿದ ಮೇಲೆ ಡಿಸೆಂಬರ್ 3ಕ್ಕೆ ಸರ್ಕಾರ ಆ ಕಡ್ಡಾಯವನ್ನು ಕೈಬಿಟ್ಟಿತು. ಕಳೆದುಹೋದ ಫೋನ್ ಹುಡುಕಲು ಅದು ಉಪಯೋಗಕ್ಕೆ ಬರುತ್ತದೆ, ಬೇಕಾದವರು ಹಾಕಿಕೊಳ್ಳಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಮಾತು ಹಾಗೇ ಉಳಿಯಿತು.

ಬಡವರ ಕಾಗದದಲ್ಲಿ ಏನಿರುತ್ತಿತ್ತು ಅಂತ ನನಗೆ ಗೊತ್ತು.

ಆಗ ಓದು ಬರಹ ಬಾರದವರು ಜಾಸ್ತಿ. ಕಾಗದ ಕೊಟ್ಟು ಹೊರಟರೆ "ಓದಿ ಹೋಗಪ್ಪ" ಎನ್ನುತ್ತಿದ್ದರು. ಒಬ್ಬ ಅಜ್ಜಿ ಇದ್ದರು, ಮಗ ಮುಂಬೈ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಜಗಲಿಯ ಮೇಲೆ ಓದಲು ಅವರು ಯಾವತ್ತೂ ಬಿಡಲಿಲ್ಲ. "ಒಳಗೆ ಬಾರಪ್ಪ" ಎಂದು ಕರೆದು, ಬಾಗಿಲು ಮುಂದೆ ಮಾಡಿ, ಆಮೇಲೆ ಕಾಗದ ಕೈಗೆ ಕೊಡುತ್ತಿದ್ದರು. ಅದರಲ್ಲಿ ಸಾಲದ ಲೆಕ್ಕ ಇರುತ್ತಿತ್ತು, ಸೊಸೆಯ ಕಾಯಿಲೆ ಇರುತ್ತಿತ್ತು, ಒಂದು ಸಲ ಮಗ ಜೈಲಿಗೆ ಹೋಗಿಬಂದ ಸುದ್ದಿಯೂ ಇತ್ತು. ನಾನು ಓದಿದೆ, ಯಾಕೆಂದರೆ ಓದು ಅಂತ ಅವರೇ ಕೊಟ್ಟಿದ್ದರು. ಹೊರಗೆ ಬಂದು ನನ್ನ ಹೆಂಡತಿಗೂ ಹೇಳಲಿಲ್ಲ. ಕ್ಷೇಮ ಸಮಾಚಾರಕ್ಕೆ ತೆರೆದ ಕಾರ್ಡು, ಮನೆಯ ವಿಷಯಕ್ಕೆ ಮಡಚಿ ಅಂಟಿಸುವ ಇನ್‌ಲ್ಯಾಂಡು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಗೋಂದು ಇಲ್ಲದಿದ್ದರೆ ಅನ್ನದ ಅಗುಳು ಒತ್ತಿ ಅಂಚು ಅಂಟಿಸುತ್ತಿದ್ದರು. ಖಾಸಗಿತನ ಎಂಬ ದೊಡ್ಡ ಪದ ಅವರಿಗೆ ಬೇಕಾಗಿರಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಖಾಸಗಿತನ ಉಳ್ಳವರ ಚಿಂತೆ, ಹೊಟ್ಟೆಗಿಲ್ಲದವರಿಗೆ ಅದು ಬೇಡ ಎನ್ನುವ ವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, 86ನೇ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದ್ದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದರು. ಅದು ಉಳ್ಳವರಿಗೆ ಮಾತ್ರ ಎಂಬ ವಾದವನ್ನೂ ಒಪ್ಪಲಿಲ್ಲ. ಆ ತೀರ್ಪು ಓದಿದ ದಿನ ನನಗೆ ಆ ಅಜ್ಜಿಯ ಬಾಗಿಲು ನೆನಪಾಯಿತು.

ತೀರ್ಪು ಬಂತು, ಆದರೆ ಆಮೇಲಿನ ಕಾನೂನುಗಳು ಬೇರೆ ದಾರಿ ಹಿಡಿದವು. ನನಗೆ ಚೆನ್ನಾಗಿ ಗೊತ್ತಿರುವ ಅಂಚೆಯ ಕಾನೂನನ್ನೇ ತೆಗೆದುಕೊಳ್ಳಿ. 1898ರ ಅಂಚೆ ಕಾಯ್ದೆ ಬ್ರಿಟಿಷರದು. ಕಾಗದ ತಡೆಯುವ ಅಧಿಕಾರ ಅದರಲ್ಲೂ ಸರ್ಕಾರಕ್ಕೆ ಇತ್ತು. ಆದರೆ ಅದರ 53ನೇ ಸೆಕ್ಷನ್ ಪ್ರಕಾರ, ಕರ್ತವ್ಯ ಮೀರಿ ಕಾಗದ ಒಡೆದ ನೌಕರನಿಗೆ 2 ವರ್ಷದವರೆಗೆ ಜೈಲು. ಕೆಲಸಕ್ಕೆ ಸೇರಿದ ಮೊದಲ ವಾರವೇ ನಮ್ಮ ಹಿರಿಯ ಪೋಸ್ಟ್‌ಮಾಸ್ಟರ್ ಇದನ್ನು ನನ್ನ ಕೈಯಲ್ಲಿ ಜೋರಾಗಿ ಓದಿಸಿದ್ದರು. 1986ರಲ್ಲಿ ಕಾಗದ ತಡೆಯುವ ಅಧಿಕಾರ ಹಿಗ್ಗಿಸುವ ತಿದ್ದುಪಡಿ ಮಸೂದೆ ಸಂಸತ್ತಿನಲ್ಲಿ ಪಾಸಾದಾಗ, ರಾಷ್ಟ್ರಪತಿ ಜೈಲ್ ಸಿಂಗ್ ಅವರು ಅದಕ್ಕೆ ಸಹಿ ಹಾಕದೆ ಹಾಗೇ ಇಟ್ಟುಕೊಂಡುಬಿಟ್ಟರು. ಅದು ಕಾಯ್ದೆಯಾಗಲೇ ಇಲ್ಲ. ಈಗ 2023ರ ಹೊಸ ಅಂಚೆ ಕಾಯ್ದೆ ಬಂದಿದೆ, 2024ರ ಜೂನ್‌ನಿಂದ ಜಾರಿಯಲ್ಲಿದೆ. ಅದರ 9ನೇ ಸೆಕ್ಷನ್, ಅಧಿಕಾರ ಪಡೆದ ಅಧಿಕಾರಿ ಕಾಗದ, ಪಾರ್ಸೆಲ್ ಏನನ್ನಾದರೂ ತಡೆದು ಒಡೆಸಬಹುದು ಎನ್ನುತ್ತದೆ. ಅದಕ್ಕೆ ಕೊಟ್ಟಿರುವ ಕಾರಣಗಳಲ್ಲಿ 'ತುರ್ತು' ಎಂಬ ಒಂದೇ ಪದವೂ ಇದೆ, ಏನು ತುರ್ತು ಎಂಬ ವಿವರಣೆ ಇಲ್ಲ. ಸುಮ್ನೆ ಒಡೆದವನಿಗೆ ಶಿಕ್ಷೆ ಹೇಳುತ್ತಿದ್ದ ಆ ಹಳೆಯ ಸೆಕ್ಷನ್ ಹೊಸದರಲ್ಲಿ ಇಲ್ಲ. ಇದು ನನಗೆ ತುಂಬಾ ನೋವು ಕೊಟ್ಟ ವಿಷಯ.

ಫೋನಿನ ಕಥೆಯೂ ಹಾಗೇ. ನಾವು ಕನ್ನಡದಲ್ಲಿ ಅದನ್ನು ಕದ್ದಾಲಿಕೆ ಎನ್ನುತ್ತೇವೆ, ಪದದಲ್ಲೇ ಕಳವು ಇದೆ. 1988ರಲ್ಲಿ ಈ ಕದ್ದಾಲಿಕೆಯ ಆರೋಪಕ್ಕೇ ನಮ್ಮ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು. ಆಗ ಹಳ್ಳಿಯ ಕಟ್ಟೆಗಳ ಮೇಲೂ ಅದೇ ಮಾತು. 2018ರ ಡಿಸೆಂಬರ್ 20ರಂದು ಕೇಂದ್ರ ಗೃಹ ಸಚಿವಾಲಯ ಯಾವುದೇ ಕಂಪ್ಯೂಟರಿನ ಮಾಹಿತಿಯನ್ನು ತಡೆದು ನೋಡಲು 10 ಸಂಸ್ಥೆಗಳಿಗೆ ಅಧಿಕಾರ ಕೊಟ್ಟಾಗ, ನಮ್ಮ ಕಡೆ ಯಾರೂ ಅದರ ಬಗ್ಗೆ ಮಾತೇ ಆಡಲಿಲ್ಲ.

ಭದ್ರತೆಗೆ ಬೇಕಲ್ವಾ ಎನ್ನುವವರಿಗೆ ನಾನೂ ಹೌದು ಎನ್ನುತ್ತೇನೆ. ಬಾಂಬ್ ಇಡುವವನ ಫೋನ್ ಕೇಳಬೇಡಿ ಎಂದು ಯಾರೂ ಹೇಳುವುದಿಲ್ಲ. ನನ್ನ ಪ್ರಶ್ನೆ, ಕೇಳಿ ಎಂದು ಸಹಿ ಹಾಕುವವರು ಯಾರು, ಆ ಸಹಿ ಸರಿಯೇ ಎಂದು ನೋಡುವವರು ಯಾರು? ಸಾಮಾನ್ಯವಾಗಿ ಆದೇಶ ಕೊಡುವವರು ಗೃಹ ಕಾರ್ಯದರ್ಶಿ. ಅದನ್ನು ಆಮೇಲೆ ಪರಿಶೀಲಿಸುವ ಸಮಿತಿಯಲ್ಲಿ ಕೇಂದ್ರದಲ್ಲಾದರೆ ಸಂಪುಟ ಕಾರ್ಯದರ್ಶಿ ಮತ್ತು ಇನ್ನಿಬ್ಬರು ಕಾರ್ಯದರ್ಶಿಗಳು, ರಾಜ್ಯದಲ್ಲಾದರೆ ಮುಖ್ಯ ಕಾರ್ಯದರ್ಶಿ ಮತ್ತು ಇನ್ನಿಬ್ಬರು. ಎಲ್ಲರೂ ಅದೇ ಸರ್ಕಾರದ ಅಧಿಕಾರಿಗಳು. ನ್ಯಾಯಾಧೀಶರು ಎಲ್ಲಿಯೂ ಇಲ್ಲ. ಎರಡು ತಿಂಗಳಿಗೊಮ್ಮೆ ಸೇರುವ ಕೇಂದ್ರದ ಆ ಸಮಿತಿಯ ಮುಂದೆ ಒಂದು ಸಭೆಗೆ 15,000ದಿಂದ 18,000 ಆದೇಶಗಳು ಬರುತ್ತವೆ ಎಂದು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ವರದಿಯಲ್ಲೇ ಬರೆದಿದೆ. ನಾನು ಕೂತು ಲೆಕ್ಕ ಹಾಕಿದೆ. ಊಟಕ್ಕೂ ಏಳದೆ 8 ಗಂಟೆ ಕೂತರೂ ಒಂದು ಆದೇಶಕ್ಕೆ 2 ಸೆಕೆಂಡ್ ಸಿಗುವುದಿಲ್ಲ. ಟಪಾಲು ವಿಂಗಡಿಸುವಾಗ ಒಂದು ಲಕೋಟೆಯ ಮೇಲಿನ ಊರಿನ ಹೆಸರು ಓದಲಿಕ್ಕೇ ನಮಗೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕಿತ್ತು.

ಇದೆಲ್ಲ ಕೇಂದ್ರದ್ದು ಮಾತ್ರ ಅಂದುಕೊಳ್ಳಬೇಡಿ. 2020ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಹೋಂ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳನ್ನು ಜಿಲ್ಲಾವಾರು ಪಟ್ಟಿ ಮಾಡಿ ಆನ್‌ಲೈನ್‌ಗೆ ಹಾಕಿತ್ತು. ಗಂಟೆಗೊಂದು ಸೆಲ್ಫಿ ಕಳಿಸಿ ಎಂದೂ ಹೇಳಿತ್ತು, ಬಿಡುವು ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮಾತ್ರ. ವಿಳಾಸ ಅಂದರೆ ಏನು ಎಂದು ಪೋಸ್ಟ್‌ಮ್ಯಾನ್‌ನನ್ನು ಕೇಳಿ. ಅದು ಸಿಕ್ಕಿದರೆ ಬಾಗಿಲಿಗೆ ಯಾರು ಬೇಕಾದರೂ ಬರಬಹುದು, ಕಾಯಿಲೆಯ ಭಯದಲ್ಲಿದ್ದ ಊರಿನಲ್ಲಿ ಕಲ್ಲು ಹಿಡಿದೂ ಬರಬಹುದು. ಇನ್ನು ಬೆಂಗಳೂರಿನಲ್ಲಿ ಸೇಫ್ ಸಿಟಿ ಯೋಜನೆಯ ಸಾವಿರಾರು ಕ್ಯಾಮೆರಾಗಳಿಗೆ ಮುಖ ಗುರುತಿಸುವ ತಂತ್ರಜ್ಞಾನವನ್ನೂ ಜೋಡಿಸಿದ್ದಾರೆ. ಹೆಣ್ಣುಮಕ್ಕಳ ಸುರಕ್ಷತೆಗೆ ಕ್ಯಾಮೆರಾ ಬೇಕು, ಒಪ್ಪುತ್ತೇನೆ. ಆದರೆ ದಾರಿಯಲ್ಲಿ ನಡೆದು ಹೋದವರ ಮುಖವನ್ನು ಯಾವುದರ ಜೊತೆ ಹೋಲಿಸಬಹುದು, ಎಷ್ಟು ದಿನ ಇಟ್ಟುಕೊಳ್ಳಬಹುದು ಎಂದು ಹೇಳುವ ಪ್ರತ್ಯೇಕ ಕಾನೂನು ಈ ದೇಶದಲ್ಲಿ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆಯಲ್ಲ ಎನ್ನಬಹುದು. ಅದರ 17ನೇ ಸೆಕ್ಷನ್ ಓದಿ ನೋಡಿ, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ಕೇಂದ್ರ ತಾನು ಆರಿಸಿದ ಸರ್ಕಾರಿ ಸಂಸ್ಥೆಯನ್ನು ಆ ಕಾಯ್ದೆಯ ಹೊರಗೇ ಇಡಬಹುದು.

ನಾನು ಕೇಳುವುದು ಅಂಥ ದೊಡ್ಡದೇನಲ್ಲ. ಕಾಗದವಿರಲಿ ಫೋನಿರಲಿ, ಒಡೆಯುವ ಮೊದಲು ಒಬ್ಬ ನ್ಯಾಯಾಧೀಶರ ಸಹಿ ಇರಲಿ. ತೀರಾ ತುರ್ತು ಇದ್ದರೆ ಒಡೆದ ಎರಡು ದಿನದೊಳಗಾದರೂ ಅವರ ಮುಂದೆ ಇಡಲಿ. ತನಿಖೆ ಮುಗಿದು ಆ ಮನುಷ್ಯ ತಪ್ಪಿಲ್ಲದವನು ಎಂದಾದರೆ, ನಿನ್ನ ಫೋನ್ ಇಷ್ಟು ದಿನ ಕೇಳಿದ್ದೆವು ಎಂದು ಅವನಿಗೆ ಒಂದು ಕಾಗದ ಬರಲಿ. ಅಪ್ಪಣೆ ಇಲ್ಲದೆ ಒಡೆದವನಿಗೆ ಶಿಕ್ಷೆ ಹೇಳುವ ಆ 53ನೇ ಸೆಕ್ಷನ್‌ನಂಥ ಒಂದು ಸಾಲು ಹೊಸ ಅಂಚೆ ಕಾಯ್ದೆಗೆ ವಾಪಸ್ ಬರಲಿ. ಇದನ್ನೇ ನಮ್ಮ ಸಂಸದರಿಗೂ ಈ ವಾರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಉತ್ತರ ಬಂದರೆ ನಿಮಗೂ ತಿಳಿಸುತ್ತೇನೆ.

ಇಂತಿ ನಿಮ್ಮ ಓದುಗ,
ನಿವೃತ್ತ ಪೋಸ್ಟ್‌ಮ್ಯಾನ್, ತುಮಕೂರು ಜಿಲ್ಲೆ