ತಂಡ ಮಾಲೀಕರದ್ದೋ, ಊರಿನದ್ದೋ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಕ್ರೀಡಾ ಪುಟದಲ್ಲಿ ಬಂದ ಬರಹ ಓದಿದೆ. ಯುರೋಪಿನ ಫುಟ್‌ಬಾಲ್‌ಗಿಂತ ಅಮೆರಿಕದ ಲೀಗ್‌ಗಳಲ್ಲೇ ನ್ಯಾಯ ಹೆಚ್ಚು, ಅಲ್ಲಿ ದುಡ್ಡಿದ್ದವರೇ ಸದಾ ಗೆಲ್ಲುವುದಿಲ್ಲ ಎಂಬುದು ಅದರ ವಾದ. ಅರ್ಧ ಒಪ್ಪುತ್ತೇನೆ. ಜರ್ಮನಿಯಲ್ಲಿ ಬಾಯರ್ನ್ ಮ್ಯೂನಿಕ್ 2013ರಿಂದ 2023ರವರೆಗೆ ಸತತ 11 ಸಲ ಲೀಗ್ ಗೆದ್ದಾಗ ಉಳಿದವರು ಎರಡನೇ ಸ್ಥಾನಕ್ಕಷ್ಟೇ ಹೊಡೆದಾಡಿದರು. ಇಂಗ್ಲೆಂಡಿನ ಬೆರಿ ಎಂಬ ಊರಿನ ಹಳೆಯ ಕ್ಲಬ್ಬು ಹಣಕಾಸಿನ ಲೆಕ್ಕ ಒಪ್ಪಿಸಲಾಗದೆ 2019ರಲ್ಲಿ ಲೀಗಿನಿಂದಲೇ ಹೊರಬಿತ್ತು.

ಅಮೆರಿಕದಲ್ಲಿ ಹಾಗಾಗದಂತೆ ಕಟ್ಟುಪಾಡುಗಳಿವೆ, ನಿಜ. ಅಮೆರಿಕನ್ ಫುಟ್‌ಬಾಲ್‌ನ ಲೀಗಾದ ಎನ್‌ಎಫ್‌ಎಲ್‌ನಲ್ಲಿ 1994ರಿಂದ ಸಂಬಳದ ಒಟ್ಟು ಖರ್ಚಿಗೆ ಮಿತಿ ಇದೆ. ಕಟ್ಟಕಡೆಗೆ ಬಂದ ತಂಡಕ್ಕೆ ಮುಂದಿನ ಸಲ ಹೊಸ ಆಟಗಾರರನ್ನು ಆರಿಸಿಕೊಳ್ಳಲು ಮೊದಲ ಸರದಿ. ಸೋತವರಿಗೆ ಮೊದಲ ಪಂಕ್ತಿಯಲ್ಲೇ ಎಲೆ! ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಾದರೆ 20 ತಂಡಗಳ ಪೈಕಿ ಕೊನೆಯ ಮೂರು ಗಂಟುಮೂಟೆ ಕಟ್ಟಿ ಕೆಳಗಿನ ದರ್ಜೆಗೆ ಇಳಿಯಬೇಕು. ನಮ್ಮ ಐಪಿಎಲ್ ಅಮೆರಿಕದ ಅಚ್ಚಿನದ್ದು, ಕೊನೆಗೆ ಬಂದರೂ ಕೆಳಗಿಳಿಯಬೇಕಿಲ್ಲ. ಆರ್‌ಸಿಬಿ 2017ರಲ್ಲೂ 2019ರಲ್ಲೂ ಕೊನೆಯ ಸ್ಥಾನದಲ್ಲಿತ್ತು. ಇಂಗ್ಲೆಂಡಿನ ನಿಯಮ ಇಲ್ಲಿದ್ದಿದ್ದರೆ 2025ರ ಕಪ್ ಎಲ್ಲಿರುತ್ತಿತ್ತೋ! (ಇದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಮೊಮ್ಮಗ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.)

ಆದರೆ ಈ ಸಮಾನತೆ ಇರುವುದು ಮಾಲೀಕ ಮಾಲೀಕರ ನಡುವೆ. 2021ರ ಏಪ್ರಿಲ್‌ನಲ್ಲಿ ಯುರೋಪಿನ 12 ದೊಡ್ಡ ಕ್ಲಬ್ಬುಗಳು ಕೆಳಗಿಳಿಯುವ ಭಯವೇ ಇಲ್ಲದ ಸೂಪರ್ ಲೀಗ್ ಘೋಷಿಸಿದವಲ್ಲ, ಅವುಗಳಲ್ಲಿ ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್, ಆರ್ಸೆನಲ್ ಅಮೆರಿಕದ ಮಾಲೀಕರ ಕೈಯಲ್ಲಿದ್ದವು. ಅಭಿಮಾನಿಗಳು ಬೀದಿಗಿಳಿದರು. ಮೂರೇ ದಿನದಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹಿಂದೆ ಸರಿದವು.

ಲೇಖನದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಊರಿನ ಹೆಸರೇ ಇರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ನಾನು ಅದರ ಹತ್ತಿರದ ಫ್ರೀಮಾಂಟಿನಲ್ಲಿರುವ ಮಗಳ ಮನೆಯಲ್ಲಿದ್ದೆ. 26ರಂದು ಅಳಿಯ ಹೇಗೋ ಟಿಕೆಟ್ ಹೊಂದಿಸಿ ರೈಲಿನಲ್ಲಿ ಓಕ್ಲೆಂಡ್ ಕೊಲೀಸಿಯಂಗೆ ಕರೆದುಕೊಂಡು ಹೋದರು. ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡ ಅಲ್ಲಿ ಆಡಿದ ಕೊನೆಯ ಪಂದ್ಯ ಅದು. ಬೇಸ್‌ಬಾಲ್ ನನಗೆ ಅಷ್ಟಾಗಿ ಅರ್ಥವಾಗದು, ಆದರೆ ಜನ ಅರ್ಥವಾದರು. ಪಕ್ಕದ ಸೀಟಿನಲ್ಲಿ ನನ್ನ ವಯಸ್ಸಿನವರೊಬ್ಬರು, ಮೈಮೇಲೆ ‘ಮಾರಿಬಿಡಿ’ ಎಂದು ಇಂಗ್ಲಿಷಿನಲ್ಲಿ ಬರೆದ ಹಸಿರು ಅಂಗಿ. ಯಾರಿಗೆ ಹೇಳುತ್ತಿದ್ದಾರೆಂದು ಕೇಳಿದೆ. ತಂಡದ ಮಾಲೀಕರಿಗಂತೆ: ನಿಮಗೆ ಬೇಡವಾದರೆ ಬೇರೆಯವರಿಗೆ ಮಾರಿ, ಊರು ಬಿಡಿಸಬೇಡಿ ಅಂತ. ಓಕ್ಲೆಂಡ್ 3-2ರಿಂದ ಗೆದ್ದಿತು. ಆಮೇಲೆ ಯಾರೂ ಏಳಲೊಲ್ಲರು. ಕೆಲವರು ಮೈದಾನದ ಮಣ್ಣನ್ನು ಕಾಗದದ ಲೋಟಕ್ಕೆ ತುಂಬಿಕೊಳ್ಳುತ್ತಿದ್ದುದು ನೋಡಿದಾಗ ಶ್ರೀರಂಗಪಟ್ಟಣದ ಸಂಗಮದಲ್ಲಿ ಅಸ್ಥಿಯ ಕುಡಿಕೆ ಹಿಡಿದು ನಿಂತವರ ನೆನಪಾಯಿತು. 1968ರಿಂದ ಆ ಊರಲ್ಲಿದ್ದ ತಂಡ ಈಗ ಸ್ಯಾಕ್ರಮೆಂಟೋ ಪಕ್ಕದ ಸಣ್ಣ ಮೈದಾನದಲ್ಲಿ ಬಿಡಾರ ಹೂಡಿದೆ, ಮುಂದಿನ ಗುರಿ ಲಾಸ್ ವೇಗಸ್. ಬಾಸ್ಕೆಟ್‌ಬಾಲ್‌ನ ವಾರಿಯರ್ಸ್ 2019ರಲ್ಲಿ, ಅಮೆರಿಕನ್ ಫುಟ್‌ಬಾಲ್‌ನ ರೈಡರ್ಸ್ 2020ರಲ್ಲಿ ಮೊದಲೇ ಜಾಗ ಖಾಲಿ ಮಾಡಿದ್ದವು. ಐದಾರು ವರ್ಷಗಳಲ್ಲಿ ಒಂದೇ ಊರಿನಿಂದ ಮೂರು ತಂಡ!

ಇಂಗ್ಲೆಂಡಿನಲ್ಲಿ ಹೀಗಾಗಲೇ ಇಲ್ಲವೇ? ಆಗಿದೆ. ಲಂಡನ್ನಿನ ವಿಂಬಲ್ಡನ್ ಫುಟ್‌ಬಾಲ್ ಕ್ಲಬ್ಬನ್ನು ದೂರದ ಮಿಲ್ಟನ್ ಕೀನ್ಸ್‌ಗೆ ಎತ್ತಿಕೊಂಡು ಹೋಗಲು 2002ರಲ್ಲಿ ಒಪ್ಪಿಗೆ ಸಿಕ್ಕಿತು. ಅಭಿಮಾನಿಗಳು ಅತ್ತುಕೊಂಡು ಕೂರಲಿಲ್ಲ. ಊರಿನ ಬಯಲಲ್ಲೇ ಆಟಗಾರರ ಆಯ್ಕೆ ನಡೆಸಿ, ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ ಕಟ್ಟಿ ಒಂಬತ್ತನೇ ದರ್ಜೆಯಿಂದ ಶುರುಮಾಡಿದರು. ಮೆಟ್ಟಿಲು ಮೆಟ್ಟಿಲಾಗಿ ಹತ್ತಿ 2011ರಲ್ಲಿ ವೃತ್ತಿಪರ ಲೀಗಿಗೆ ಬಂದರು. 2020ರಲ್ಲಿ ತಮ್ಮ ಹಳೆಯ ಬೀದಿ ಪ್ಲೋ ಲೇನ್‌ಗೇ ಮರಳಿದರು. ಅವರ ತಂಡವನ್ನು ಒಯ್ದ ಮಿಲ್ಟನ್ ಕೀನ್ಸ್‌ನವರ ಎದುರು ಈಗಾಗಲೇ ಲೀಗ್ ಪಂದ್ಯಗಳನ್ನೂ ಆಡಿ ಆಗಿದೆ.

ಓಕ್ಲೆಂಡಿನವರೂ ಕೈಕಟ್ಟಿ ಕೂತಿಲ್ಲ. 2024ರಲ್ಲಿ ಓಕ್ಲೆಂಡ್ ಬಾಲರ್ಸ್ ಎಂಬ ಹೊಸ ಬೇಸ್‌ಬಾಲ್ ತಂಡ ಕಣಕ್ಕಿಳಿಯಿತು. ಸಾಮಾನ್ಯ ಅಭಿಮಾನಿಗಳೂ ಅದರಲ್ಲಿ ಪಾಲು ಕೊಂಡರು. ಪಯೊನಿಯರ್ ಲೀಗ್ ಎಂಬ ಪುಟ್ಟ ಲೀಗಿನಲ್ಲಿ ಆಡುವ ಈ ತಂಡ ಎರಡನೇ ವರ್ಷವೇ ಚಾಂಪಿಯನ್ ಆಯಿತು. ವಿಂಬಲ್ಡನ್ನಿನವರಾಗಿದ್ದರೆ ಮರುವರ್ಷ ಒಂದು ಮೆಟ್ಟಿಲು ಮೇಲಿರುತ್ತಿದ್ದರು. ಬಾಲರ್ಸ್ ಹತ್ತು ಸಲ ಗೆದ್ದರೂ ಮತ್ತದೇ ಪಯೊನಿಯರ್ ಲೀಗಿನಲ್ಲೇ ಆಡಬೇಕು.

— ನಿವೃತ್ತ ಶಿಕ್ಷಕ, ಮೈಸೂರು