ಬಡ್ಡಿ ಎಷ್ಟು ಅಂತಷ್ಟೇ ಕೇಳಬೇಡ

ಚಿ. ಬಸುಗೆ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಆರಾಮಾಗಿದ್ದೇವೆ.

ಬೈಕಿಗೆ ಒಂದು ಲಕ್ಷ ಸಾಲ ತೆಗೆಯುತ್ತೇನೆ, ಮೂರು ವರ್ಷದ ಕಂತು, ಬರೀ ಹತ್ತು ಪರ್ಸೆಂಟ್ ಬಡ್ಡಿ ಎಂದು ಮೊನ್ನೆ ಹೇಳಿದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಲೆಕ್ಕ ಹೇಳಿದರೆ ನೀನು ಹೂಂ ಹೂಂ ಅಂದುಬಿಡುತ್ತೀಯ. ಸೊಸೈಟಿಯಲ್ಲಿ ಕೂತು ಜನರ ಅಸಲು, ಬಡ್ಡಿ ಬರೆದೇ ನನ್ನ ನೌಕರಿ ಮುಗಿಯಿತು. ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಓದಿಕೋ.

ಬಡ್ಡಿ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಅದು ಅರ್ಧ ಪ್ರಶ್ನೆ. ಯಾವ ಮೊತ್ತದ ಮೇಲೆ ಬಡ್ಡಿ ಹಾಕುತ್ತೀರಿ? ಅದು ಅಸಲಿಗೆ ಯಾವಾಗ ಸೇರುತ್ತದೆ? ಇವೆರಡನ್ನು ಕೇಳುವವರು ಕಡಿಮೆ.

ಮೊದಲು ನಿನ್ನ ಬೈಕಿನದೇ ನೋಡೋಣ. ಒಂದು ಲಕ್ಷಕ್ಕೆ ವರ್ಷಕ್ಕೆ ಹತ್ತು ಸಾವಿರ, ಮೂರು ವರ್ಷಕ್ಕೆ ಮೂವತ್ತು ಸಾವಿರ. ಒಟ್ಟು 1,30,000 ರೂಪಾಯಿಯನ್ನು 36 ತಿಂಗಳಿಗೆ ಹಂಚಿದರೆ ಕಂತು 3,611. ಶಾಲೆಯಲ್ಲಿ ಕಲಿತ ಸರಳ ಬಡ್ಡಿಯೇ, ತಪ್ಪೇನೂ ಕಾಣುವುದಿಲ್ಲ. ಆದರೆ ಶಾಲೆಯ ಲೆಕ್ಕದಲ್ಲಿ ಅಸಲು ಮೂರು ವರ್ಷವೂ ಸಾಲಗಾರನ ಹತ್ತಿರವೇ ಇರುತ್ತಿತ್ತು. ನೀನು ಅದನ್ನು ತಿಂಗಳು ತಿಂಗಳು ವಾಪಸ್ ಕೊಡುತ್ತಾ ಬರುತ್ತೀಯ. ಅವರ ಲೆಕ್ಕದ ಪ್ರಕಾರವೇ ಕೊನೆಯ ತಿಂಗಳಲ್ಲಿ ನಿನ್ನ ಮೇಲೆ ಉಳಿದಿರುವ ಅಸಲು 2,778 ರೂಪಾಯಿ. ಆ ತಿಂಗಳೂ 833 ರೂಪಾಯಿ ಬಡ್ಡಿ ಕಟ್ಟುತ್ತೀಯ, ಪೂರ್ತಿ ಲಕ್ಷ ಇನ್ನೂ ಬಾಕಿ ಇದೆ ಅನ್ನುವ ಹಾಗೆ! ಇದಕ್ಕೆ ಫ್ಲ್ಯಾಟ್ ರೇಟ್ ಎನ್ನುತ್ತಾರೆ.

ಅದೇ ಹತ್ತು ಪರ್ಸೆಂಟನ್ನು ಉಳಿದ ಬಾಕಿಯ ಮೇಲೆ ಮಾತ್ರ ಹಾಕಿದರೆ ಕಂತು ಸುಮಾರು 3,227ಕ್ಕೆ ಇಳಿಯುತ್ತದೆ, ಒಟ್ಟು ಬಡ್ಡಿ 16,000ದ ಆಸುಪಾಸು. ನಿನಗೆ ಹೇಳಿದ ಲೆಕ್ಕದಲ್ಲಿ ಮೂವತ್ತು ಸಾವಿರ. ಬ್ಯಾಂಕಿನವರು ಹೇಳುವ ರೀತಿಯಲ್ಲಿ ಹೇಳುವುದಾದರೆ ನಿನ್ನ ಸಾಲ ಹತ್ತರದ್ದಲ್ಲ, ಹೆಚ್ಚುಕಡಿಮೆ ಹದಿನೆಂಟರದ್ದು. ಶೋರೂಮಿನ ಹುಡುಗ ಸುಳ್ಳು ಹೇಳಿಲ್ಲ, ಪೂರ್ತಿ ಹೇಳಿಲ್ಲ ಅಷ್ಟೇ.

ಇನ್ನು ಚಕ್ರಬಡ್ಡಿ, ಅಂದರೆ ಬಡ್ಡಿಯ ಮೇಲೂ ಬಡ್ಡಿ. ಊರಲ್ಲಿ ಯಾರನ್ನೇ ಕೇಳು, ನಾವು ಚಕ್ರಬಡ್ಡಿ ಸಾಲ ಮಾಡಿಯೇ ಇಲ್ಲ ಎನ್ನುತ್ತಾರೆ. ಮಾಡಿರುತ್ತಾರೆ, ಗೊತ್ತಾಗಿರುವುದಿಲ್ಲ. ಹೇಗೆ ಅಂತ ಕೇಳು. ಹತ್ತು ಸಾವಿರ ಕೈಸಾಲ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಕಿವಿಗೆ ಮೂರು ಎಂದು ಬೀಳುತ್ತದೆ, ವರ್ಷಕ್ಕೆ ಅದು ಮೂವತ್ತಾರು. ಮೂರು ವರ್ಷ ಏನೂ ಕೊಡದಿದ್ದರೆ ಬಡ್ಡಿ 10,800, ಅಸಲು ಸೇರಿ 20,800. ಇಲ್ಲಿವರೆಗೂ ಸರಳ ಬಡ್ಡಿಯೇ. ಆದರೆ ಇಂಥ ಸಾಲಕ್ಕೆ ಬರೆದುಕೊಡುವ ಪ್ರಾಮಿಸರಿ ನೋಟಿನ (ಸಾಲದ ಪತ್ರದ) ಮೇಲೆ ಕೋರ್ಟಿಗೆ ಹೋಗಲು ಮೂರು ವರ್ಷದ ಕಾಲಮಿತಿ ಇದೆ. ಹಾಗಾಗಿ ಆ ಮೂರು ವರ್ಷ ಮುಗಿಯುವುದರೊಳಗೆ ಸಾಲ ಕೊಟ್ಟವನು ಮನೆಗೆ ಬಂದು, ಚಹಾ ಕುಡಿದು, ನಗುನಗುತ್ತಾ ಹೊಸ ನೋಟು ಬರೆಸಿಕೊಳ್ಳುತ್ತಾನೆ. ಹೊಸ ನೋಟಿನಲ್ಲಿ ಅಸಲು 20,800! ಬಡ್ಡಿ ಸದ್ದಿಲ್ಲದೆ ಅಸಲಾಯಿತು. ಇನ್ನೂ ಮೂರು ವರ್ಷ ಹೀಗೇ ಹೋದರೆ 43,264. ಹಳೆಯ ಅಸಲಿನ ಮೇಲೆಯೇ ಸರಳ ಬಡ್ಡಿ ನಡೆದಿದ್ದರೆ 31,600ಕ್ಕೆ ನಿಲ್ಲುತ್ತಿತ್ತು. ಕಾಗದದಲ್ಲಿ ಎಲ್ಲೂ ಚಕ್ರಬಡ್ಡಿ ಎಂಬ ಮಾತಿಲ್ಲ, ನೋಡು.

ನಮ್ಮ ಸೀಮೆ ಮುಂಬೈ ಪ್ರಾಂತದಲ್ಲಿದ್ದ ಕಾಲದಲ್ಲಿ ದಾಮದುಪ್ಪಟ್ ಎಂಬ ನಿಯಮ ಕೋರ್ಟಿನಲ್ಲಿ ನಡೆಯುತ್ತಿತ್ತು. ಒಂದು ಸಲಕ್ಕೆ ವಸೂಲಿ ಮಾಡುವ ಬಾಕಿ ಬಡ್ಡಿ ಅಸಲನ್ನು ಮೀರಬಾರದು ಎಂಬ ಹಳೆಯ ಧರ್ಮಶಾಸ್ತ್ರದ ನಿಯಮ ಅದು. ಹೊಸ ಪತ್ರ ಬರೆಸಿಕೊಂಡರೆ ಅದೂ ಕೈಕಟ್ಟಿ ಕೂರುತ್ತಿತ್ತು. ನಮ್ಮ ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು, ರೈತರು ಸಾಹುಕಾರರ ಬಾಗಿಲಿಗೆ ಹೋಗುವುದು ತಪ್ಪಲಿ ಎಂದೇ. ಈಗ ಸೊಸೈಟಿಯಲ್ಲಿ ಬಡ್ಡಿ ಇಲ್ಲದ ಬೆಳೆಸಾಲ ಸಿಗುತ್ತದೆ. ಅಲ್ಲೂ ವಾಯಿದೆ ದಾಟಿದರೆ ಬಡ್ಡಿ ಬೀಳುತ್ತದೆ. ನಿನ್ನ ಅಪ್ಪನಿಗೆ ಪ್ರತಿ ವರ್ಷ ಇದನ್ನು ನೆನಪಿಸುವುದೇ ನನ್ನ ಕೆಲಸ.

ನಿನ್ನ ಕ್ರೆಡಿಟ್ ಕಾರ್ಡ್ ವಿಷಯ ನಿಮ್ಮ ಅವ್ವ ಹೇಳಿದಳು. ಬೈಯುವುದಿಲ್ಲ, ಲೆಕ್ಕ ಮಾತ್ರ ಹೇಳುತ್ತೇನೆ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಎಂದರೆ ವರ್ಷಕ್ಕೆ ನಲವತ್ತೆರಡು ಅಲ್ವಾ ಎಂದು ನೀನು ಕೇಳಬಹುದು. ಅಲ್ಲ. ಈ ತಿಂಗಳ ಬಡ್ಡಿ ಮುಂದಿನ ತಿಂಗಳು ಬಾಕಿಗೆ ಸೇರುತ್ತಾ ಹೋದರೆ ವರ್ಷಕ್ಕೆ ಐವತ್ತೊಂದು ದಾಟುತ್ತದೆ. ಇಪ್ಪತ್ತು ಸಾವಿರ ಬಾಕಿ ಇದೆ, ಈ ತಿಂಗಳು ಒಂದು ಸಾವಿರ ಕಟ್ಟಿದೆ ಎಂದುಕೋ. ಅದರಲ್ಲಿ 700 ಬಡ್ಡಿಗೆ, ಆ ಬಡ್ಡಿಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿಗೆ 126. ಸಾಲ ಇಳಿದದ್ದು 174 ರೂಪಾಯಿ! ಬಾಕಿ ಉಳಿಸಿಕೊಂಡಿರುವಾಗ ಹೊಸದಾಗಿ ಕೊಂಡ ವಸ್ತುವಿಗೂ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಮೀಟರ್ ಓಡುತ್ತದೆ.

ನಿನ್ನ ಹೆಸರಿನಲ್ಲಿ ತಿಂಗಳು ತಿಂಗಳು ಹಣ ಕಟ್ಟುವ ಪೋಸ್ಟ್ ಆಫೀಸ್ ಆರ್‌ಡಿ ಇದೆಯಲ್ಲ, ಅದಕ್ಕೆ ಬರುವುದು ಏಳಕ್ಕೂ ಕಡಿಮೆ. ಏಳು ಗಳಿಸುತ್ತಾ ಐವತ್ತು ಕೊಡುವುದು ಉಳಿತಾಯ ಅಲ್ಲ. ಮೂರು ವರ್ಷ ತುಂಬಿದ್ದರೆ ಅದನ್ನು ಮುರಿದು ಕಾರ್ಡ್ ತೀರಿಸು. ಅವಧಿಗೆ ಮೊದಲು ಮುರಿದರೆ ಬಡ್ಡಿ ಕಡಿಮೆ ಕೊಡುತ್ತಾರೆ, ಕೊಡಲಿ ಬಿಡು. ಉಳಿತಾಯ ಮುರಿಯಬಾರದು ಎಂದು ನಿಮ್ಮ ಅವ್ವ ಅಂದರೆ ನನ್ನ ಹತ್ತಿರ ಮಾತಾಡಲು ಹೇಳು.

ಕಾರ್ಡ್ ತೀರಿದ ಮೇಲೆ ಇದೇ ಚಕ್ರಬಡ್ಡಿಯನ್ನು ನಿನ್ನ ಕಡೆ ತಿರುಗಿಸಿಕೊಳ್ಳಬಹುದು. ಒಂದು ಲಕ್ಷವನ್ನು ಏಳು ಪರ್ಸೆಂಟಿಗೆ ಠೇವಣಿ ಇಟ್ಟೆ, ಬ್ಯಾಂಕು ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತದೆ ಎಂದುಕೋ. ಮೊದಲ ವರ್ಷ ಬರುವುದು 7,186. ಸರಳ ಬಡ್ಡಿಯಾಗಿದ್ದರೆ 7,000. ಈ 186 ರೂಪಾಯಿ ನೋಡಿ, ಇಷ್ಟೇನಾ ಅನ್ನಿಸುತ್ತದೆ. ಹತ್ತು ವರ್ಷ ಕಳೆದರೆ ಎರಡು ಲಕ್ಷ, ಸರಳ ಬಡ್ಡಿಯಲ್ಲಿ 1,70,000. ಇಪ್ಪತ್ತು ವರ್ಷಕ್ಕೆ ನಾಲ್ಕು ಲಕ್ಷ, ಸರಳ ಬಡ್ಡಿಯಲ್ಲಿ 2,40,000. ಚಕ್ರಬಡ್ಡಿಯ ಆಟವೆಲ್ಲ ಕೊನೆಯ ವರ್ಷಗಳಲ್ಲಿ. ನಡುವೆ ಮುರಿದವರಿಗೆ ಅದು ಕಾಣಸಿಗುವುದಿಲ್ಲ.

ಹಣ ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಎಂದು ತಿಳಿಯಲು 72ನ್ನು ಬಡ್ಡಿ ದರದಿಂದ ಭಾಗಿಸು. ಏಳೂವರೆಗೆ 9.6 ವರ್ಷ, ಅಂದರೆ 115 ತಿಂಗಳು. 2023ರ ಏಪ್ರಿಲ್‌ನಲ್ಲಿ ಕಿಸಾನ್ ವಿಕಾಸ ಪತ್ರದ ದರ ಏಳೂವರೆ ಆದಾಗ ಸರ್ಕಾರ ಹಣ ದುಪ್ಪಟ್ಟಾಗಲು ಇಟ್ಟ ಅವಧಿಯೂ 115 ತಿಂಗಳೇ. ಇದೇ ಲೆಕ್ಕವನ್ನು ಬೆಲೆ ಏರಿಕೆಗೂ ಹಾಕಿ ನೋಡು. ವರ್ಷಕ್ಕೆ ಆರು ಪರ್ಸೆಂಟ್ ಏರಿದರೆ ಇವತ್ತಿನ ನೂರರ ಸಾಮಾನು ಹನ್ನೆರಡು ವರ್ಷಕ್ಕೆ ಇನ್ನೂರು. ಸೇವಿಂಗ್ಸ್ ಖಾತೆಯಲ್ಲಿ ಸುಮ್ನೆ ಬಿದ್ದಿರುವ ಹಣ ಅದರ ಸಮಕ್ಕೆ ಓಡುವುದಿಲ್ಲ.

ಹಾಗಂತ ಸರಳ ಬಡ್ಡಿ ಕೆಟ್ಟದ್ದಲ್ಲ. ನಿನ್ನ ಅಜ್ಜಿಯ ಹಣವನ್ನು ನಾನು ಪೋಸ್ಟ್ ಆಫೀಸಿನ ತಿಂಗಳ ಆದಾಯದ ಯೋಜನೆಯಲ್ಲೇ ಇಟ್ಟಿದ್ದೇನೆ. ಬಡ್ಡಿ ಪ್ರತಿ ತಿಂಗಳು ಕೈಗೆ ಬರುತ್ತದೆ, ಬೆಳೆಯುವುದಿಲ್ಲ. ಅವಳಿಗೆ ಬೇಕಾದದ್ದು ಔಷಧಿಯ ಖರ್ಚು, ಇಪ್ಪತ್ತು ವರ್ಷದ ನಂತರದ ನಾಲ್ಕು ಲಕ್ಷ ಅಲ್ಲ. ನಿನಗೆ ಪಿಪಿಎಫ್ ಎಂಬ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ ಸರಿ. ಒಂದೇ ಮಾತು, ಹಣವನ್ನು ತಿಂಗಳ ಐದನೇ ತಾರೀಖಿನೊಳಗೆ ಕಟ್ಟು. ಐದರ ನಂತರ ತಿಂಗಳ ಕೊನೆಯವರೆಗೆ ಖಾತೆಯಲ್ಲಿರುವ ಅತಿ ಕಡಿಮೆ ಮೊತ್ತಕ್ಕೆ ಬಡ್ಡಿ ಹಾಕುತ್ತಾರೆ. ಆರಕ್ಕೆ ಕಟ್ಟಿದರೆ ಆ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ.

ಬೈಕಿನ ಸಾಲಕ್ಕೆ ಇನ್ನೂ ಸಹಿ ಹಾಕಿಲ್ಲ ತಾನೇ? 2024ರ ಅಕ್ಟೋಬರ್‌ನಿಂದ ಇಂಥ ಸಾಲಕ್ಕೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು, ಕನ್ನಡದಲ್ಲಿ ಕೇಳು. ಅದರಲ್ಲಿ ಎಪಿಆರ್ ಎಂದು ಒಂದು ಸಂಖ್ಯೆ ಇರುತ್ತದೆ. ಪ್ರೊಸೆಸಿಂಗ್ ಫೀ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಬೀಳುವ ದರ ಅದೇ. ಕಂತು ತಪ್ಪಿದರೆ ದಂಡ ಹಾಕಬಹುದು, ಆದರೆ ಆ ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಅದನ್ನೂ ಹಾಳೆಯಲ್ಲಿ ನೋಡಿಕೋ.

ಆ ಹಾಳೆಯ ಫೋಟೊ ತೆಗೆದು ನನಗೆ ವಾಟ್ಸ್‌ಆಪ್ ಮಾಡು. ನಿನ್ನ ಸಂಬಳದ ಬ್ಯಾಂಕಿನಲ್ಲೂ ಬೈಕ್ ಲೋನಿಗೆ ಎಷ್ಟು ಅಂತ ಕೇಳಿ, ಅಲ್ಲಿಯ ಎಪಿಆರ್ ಅದರ ಪಕ್ಕದಲ್ಲೇ ಬರೆ. ಶನಿವಾರ ಸಂಜೆ ನಾನು ಮನೆಯಲ್ಲೇ ಇರುತ್ತೇನೆ, ಎರಡನ್ನೂ ಮುಂದಿಟ್ಟುಕೊಂಡು ಫೋನ್ ಮಾಡು.

ನಿನ್ನ
ದೊಡ್ಡಪ್ಪ