ಲೌಂಜ್‌ನ ಬಾಗಿಲು ಮತ್ತೆ ತೆರೆಸಿದವರಿಗೆ

ನಮ್ಮ ಕಾಕ್‌ಟೇಲ್ ಲೌಂಜ್ ಮತ್ತೆ ತೆರೆದು ಈ ವಾರಕ್ಕೆ ಒಂದು ವರ್ಷ ತುಂಬಿತು. ಮೇಲಿನ ಮಹಡಿಯ ಕೊಳವೆ ಒಡೆದು ನೀರು ಸುರಿದ ಮೇಲೆ ಇಲ್ಲಿ ಮತ್ತೊಮ್ಮೆ ಸಂಗೀತ ಕೇಳಿಸುತ್ತದೆ ಎಂಬ ನಂಬಿಕೆ ನನಗೇ ಉಳಿದಿರಲಿಲ್ಲ. ಮರದ ನೆಲ ಉಬ್ಬಿತ್ತು, ಪರದೆಗಳಿಗೆ ಬೂಷ್ಟು ಹಿಡಿದಿತ್ತು, ಪಿಯಾನೊದೊಳಗೂ ನೀರು ಇಳಿದಿತ್ತು. ವರ್ಷದ ಅಭಿನಂದನೆ ಹೇಳಲು ಬಂದವರೆಲ್ಲ ನನ್ನ ಕೈ ಕುಲುಕುತ್ತಿದ್ದಾರೆ. ಅದು ನಿಜವಾಗಿ ಸಲ್ಲಬೇಕಾದವರಲ್ಲಿ ಹೆಚ್ಚಿನವರು ಅತಿಥಿಗಳ ಕಣ್ಣಿಗೆ ಬೀಳುವವರೇ ಅಲ್ಲ.

ಎಲ್ಲರಿಗಿಂತ ಮೊದಲು ಪಿಯಾನೊ ಟ್ಯೂನರ್ ಅವರಿಗೆ ನಮಸ್ಕಾರ. ಪಿಯಾನೊದಲ್ಲಿ ಸುಮಾರು 230 ತಂತಿಗಳಿರುತ್ತವೆ. ಅವೆಲ್ಲದರ ಎಳೆತ ಸೇರಿದರೆ ಹದಿನೈದು ಇಪ್ಪತ್ತು ಟನ್. ಆ ತಂತಿಗಳ ಕಂಪನವನ್ನು ನಾದವಾಗಿಸಿ ಕೋಣೆಗೆ ಹರಡುವುದು ಸ್ಪ್ರೂಸ್ ಎಂಬ ಮರದ ತೆಳುವಾದ ಒಂದು ಹಲಗೆ. ನೆನೆದ ಹಲಗೆಗೆ ಬಿಸಿಗಾಳಿ ಹಾಯಿಸಿದರೆ ಅದು ಸೀಳು ಬಿಡುತ್ತದೆ. ಹೊಸದನ್ನೇ ಕೊಳ್ಳಿ ಎಂದು ಉಳಿದವರೆಲ್ಲ ಹೇಳುತ್ತಿದ್ದಾಗ, “ಅವಸರ ಮಾಡಬೇಡಿ, ತಾನಾಗಿ ಒಣಗಲಿ” ಎಂದವರು ಇವರೊಬ್ಬರೇ. ವಾರವಾರವೂ ಬಂದು ತೇವ ಅಳೆದರು. ತುಕ್ಕು ಹಿಡಿದ ತಂತಿಗಳನ್ನೂ ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳ ಉಣ್ಣೆಯ ಹೊದಿಕೆಯನ್ನೂ (ಫೆಲ್ಟ್) ಬದಲಿಸಿದರು. ಹೊಸ ತಂತಿ ಹಿಗ್ಗುತ್ತ ಶ್ರುತಿ ಇಳಿಸುತ್ತದೆ, ಅದು ನಿಲ್ಲುವವರೆಗೂ ಮತ್ತೆ ಮತ್ತೆ ಬಿಗಿಯಬೇಕು. ಬಿಗಿದರು. ಆ ತಾಳ್ಮೆಗೆ ಬಿಲ್ಲಿನಲ್ಲಿ ಕಾಲಮ್ಮೇ ಇರಲಿಲ್ಲ.

ನಮ್ಮ ಗಾಯಕಿಗೂ ಡಬಲ್ ಬಾಸ್ ಎಂಬ ಆಳುದ್ದದ ತಂತಿವಾದ್ಯ ನುಡಿಸುವ ಹಿರಿಯರಿಗೂ ನಾನು ಋಣಿ. ದುರಸ್ತಿ ನಡೆಯುತ್ತಿದ್ದಾಗ ಇಬ್ಬರೂ ಬಂದು ಬರಿ ಗೋಡೆಗಳ ನಡುವೆ ಹಾಡಿ, ನುಡಿಸಿ ನೋಡಿದರು. ಪರದೆ, ಮೆತ್ತೆ, ಜನ ಯಾವುದೂ ಇಲ್ಲದ ಕೋಣೆಯಲ್ಲಿ ದನಿ ಗೋಡೆಯಿಂದ ಗೋಡೆಗೆ ಬಡಿದು ಮಾತುಗಳೇ ಕಲಸಿಹೋಗುತ್ತಿದ್ದವು. ಗೋಡೆಗೆ ಕನ್ನಡಿ ಹೊದಿಸುವ ವಿನ್ಯಾಸಕಾರರ ಯೋಜನೆ ಅಂದೇ ಕೈಬಿಟ್ಟುಹೋಯಿತು. ದಪ್ಪ ಪರದೆಗಳು ಮರಳಿ ಬಂದವು. ಈಗ ಹಾಡಿನ ನಡುವೆಯೂ ಪಕ್ಕದವರೊಡನೆ ಮೆಲ್ಲಗೆ ಮಾತನಾಡಲು ಸಾಧ್ಯವಾಗುತ್ತಿದ್ದರೆ ಅದು ಈ ಇಬ್ಬರ ಕಿವಿಯ ಪುಣ್ಯ.

ಬಾರ್‌ನ ಹಿಂದೆ ಮಂಜುಗಡ್ಡೆ ನೋಡಿಕೊಳ್ಳುವ ಹುಡುಗನನ್ನು ನಿಮ್ಮಲ್ಲಿ ಎಷ್ಟು ಜನ ಕಂಡಿದ್ದೀರೋ ತಿಳಿಯದು. ನೀರನ್ನು ಒಂದೇ ದಿಕ್ಕಿನಿಂದ ನಿಧಾನವಾಗಿ ಹೆಪ್ಪುಗಟ್ಟಿಸಿದರೆ ಗಾಳಿಗುಳ್ಳೆಗಳೆಲ್ಲ ಒಂದು ಬದಿಗೆ ಸರಿಯುತ್ತವೆ. ಆ ಮಸುಕು ಭಾಗವನ್ನು ಕೊಯ್ದು ತೆಗೆದರೆ ಉಳಿಯುವುದು ಗಾಜಿನಂಥ ತಿಳಿ ಗಡ್ಡೆ. ದೊಡ್ಡ ಗಡ್ಡೆ ನಿಧಾನವಾಗಿ ಕರಗುತ್ತದೆ, ಪಾನೀಯ ಬೇಗ ನೀರಾಗುವುದಿಲ್ಲ. ಈ ಕೆಲಸ ಮುಂಜಾನೆಯೇ ಶುರುವಾಗುತ್ತದೆ, ಕೈಬೆರಳು ಮರಗಟ್ಟುತ್ತವೆ. ಅರ್ಧ ಸಂಬಳದ ತಿಂಗಳುಗಳಲ್ಲೂ ಅವನು ನಮ್ಮನ್ನು ಬಿಟ್ಟು ಹೋಗಲಿಲ್ಲ.

ಮುಖ್ಯ ಬಾರ್ಟೆಂಡರ್ ಮೇಡಂ, ಮರುತೆರೆದ ಸಂಜೆ ನೀವು ಮೊದಲು ಬೆರೆಸಿದ್ದು ಹ್ಯಾಂಕಿ ಪ್ಯಾಂಕಿ. ಲಂಡನ್ನಿನ ಸವಾಯ್ ಹೋಟೆಲಿನ ಅಮೆರಿಕನ್ ಬಾರ್‌ನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮುಖ್ಯ ಬಾರ್ಟೆಂಡರ್ ಆಗಿದ್ದ ಏಡಾ ಕೋಲ್ಮನ್ ಎಂಬ ಮಹಿಳೆ ರೂಪಿಸಿದ ಕಾಕ್‌ಟೇಲ್ ಅದು: ಜಿನ್, ಸಿಹಿ ವರ್ಮುತ್ (ಗಿಡಮೂಲಿಕೆ ಬೆರೆಸಿದ ವೈನ್), ಕೆಲವೇ ಹನಿ ಫೆರ್ನೆಟ್ ಎಂಬ ಕಹಿ ಮೂಲಿಕೆ ಮದ್ಯ. ಯಾಕೆ ಅದನ್ನೇ ಆರಿಸಿಕೊಂಡಿರಿ ಎಂದು ನಾನು ಕೇಳಲಿಲ್ಲ. ಕೌಂಟರಿನ ಆಚೆ ನಿಂತಿದ್ದ ನಿಮ್ಮ ಇಬ್ಬರು ಶಿಷ್ಯೆಯರ ಮುಖ ನೋಡಿದಾಗ ಅರ್ಥವಾಯಿತು.

ಅಡುಗೆಮನೆಯವರಿಗೂ ಧನ್ಯವಾದ. ಮೆಲುದನಿಯ ಹಾಡು ನಡೆಯುತ್ತಿದ್ದರೆ ಅದು ಮುಗಿಯುವ ಹೊತ್ತಿಗೆ ಸರಿಯಾಗಿ ತಟ್ಟೆ ಬಿಸಿಬಿಸಿಯಾಗಿ ಹೊರಬರುವಂತೆ ಒಲೆಯ ಲೆಕ್ಕ ಹಿಡಿಯುವ ಶೆಫ್ ನಮ್ಮಲ್ಲಿದ್ದಾರೆ. ಲೋಟಗಳನ್ನು ತೊಳೆದು, ಬೆಳಕಿಗೆ ಹಿಡಿದು ಒರೆಸುವ ಅಕ್ಕಂದಿರು ಸೋಪಿನ ಲವಲೇಶವನ್ನೂ ಉಳಿಸುವುದಿಲ್ಲ. ಉಳಿದರೆ ಪಾನೀಯದ ಪರಿಮಳವೇ ಕೆಡುತ್ತದೆ.

ಕೊನೆಗೆ ನಮ್ಮ ಹಳೆಯ ಅತಿಥಿಗಳು. ಬಾಗಿಲು ಮುಚ್ಚಿದ್ದಾಗಲೇ ಮುಂದಿನ ಊಟಕ್ಕೆ ಹಣ ಕೊಟ್ಟು ಕೂಪನ್ ಕೊಂಡಿರಿ. ಮರಳಿಸುತ್ತೇವೆ ಎಂದರೂ ಒಪ್ಪಲಿಲ್ಲ. ಮದ್ಯ ಮುಟ್ಟದೆ ಬರಿ ಸಂಗೀತಕ್ಕಾಗಿ ಬರುವ ಹಿರಿಯ ದಂಪತಿಯೂ ನಿಮ್ಮೊಳಗಿದ್ದರು. ಆ ಹಣದಿಂದಲೇ ನೆಲಕ್ಕೆ ಹೊಸ ಮರ ಬಂತು. ಬಳಸದೆ ಉಳಿದ ಕೂಪನ್‌ಗಳು ಇನ್ನೂ ಕೆಲವರ ಬಳಿ ಇವೆ. ದಯವಿಟ್ಟು ತನ್ನಿ, ಮೇಲೆ ಅಚ್ಚಾದ ದಿನಾಂಕ ದಾಟಿದ್ದರೂ ಅವು ನಮ್ಮಲ್ಲಿ ನಡೆಯುತ್ತವೆ.